ಮಲ್ಪೆ

ಮಲ್ಪೆಯು ಕರ್ನಾಟಕ ರಾಜ್ಯದ ಉಡುಪಿ ಜಿಲ್ಲೆಯಲ್ಲಿ ಅರಬ್ಬೀ ಸಮುದ್ರದ ದಡದಲ್ಲಿರುವ ಒಂದು ಮೀನುಗಾರಿಕಾ ಊರು, ಬಂದರು ಮತ್ತು ಕಡಲತೀರ. ಉಡುಪಿ ನಗರದಿಂದ ಪಶ್ಚಿಮಕ್ಕೆ ಸುಮಾರು ೬ ಕಿಲೋಮೀಟರ್ ದೂರದಲ್ಲಿದ್ದು, ಆಡಳಿತದ ದೃಷ್ಟಿಯಿಂದ ಉಡುಪಿ ನಗರಸಭೆಯ ವ್ಯಾಪ್ತಿಗೆ ಸೇರಿದೆ. ಇಲ್ಲಿಯ ಬಂದರು ರಾಜ್ಯದ ಪ್ರಮುಖ ಸರ್ವಋತು ಮೀನುಗಾರಿಕಾ ಬಂದರುಗಳಲ್ಲಿ ಒಂದು. ಬಂದರಿನ ಉತ್ತರಕ್ಕೆ ಹಬ್ಬಿರುವ ಮರಳಿನ ತೀರ ಮತ್ತು ಸಮುದ್ರದ ನಡುವಿನ ಸೇಂಟ್ ಮೇರೀಸ್ ದ್ವೀಪಗಳು ಕುಟುಂಬ ಸಮೇತ ಬರುವ ಪ್ರವಾಸಿಗರ ಮುಖ್ಯ ಆಕರ್ಷಣೆಗಳಾಗಿವೆ. ದುಡಿಮೆಯ ಬಂದರು ಮತ್ತು ವಿಹಾರದ ತೀರ ಇಷ್ಟು ಹತ್ತಿರದಲ್ಲಿರುವುದು ಮಲ್ಪೆಯ ವೈಶಿಷ್ಟ್ಯ. ಈ ಎರಡರ ಚಟುವಟಿಕೆಗಳನ್ನೂ ಮಳೆಗಾಲ ಮತ್ತು ಕಡಲಿನ ಸ್ಥಿತಿಯೇ ನಿರ್ಧರಿಸುತ್ತವೆ.

ಭೌಗೋಳಿಕ ಹಿನ್ನೆಲೆ

ಉದ್ಯಾವರ ನದಿಯು ಕಡಲಿಗೆ ಸಮೀಪಿಸಿದ ಮೇಲೆ ನೇರವಾಗಿ ಸಮುದ್ರವನ್ನು ಸೇರದೆ, ದಡಕ್ಕೆ ಸಮಾನಾಂತರವಾಗಿ ಉತ್ತರಾಭಿಮುಖವಾಗಿ ಹರಿದು ಮಲ್ಪೆಯ ಬಳಿ ಸಮುದ್ರವನ್ನು ಸೇರುತ್ತದೆ. ನದಿ ಮತ್ತು ಕಡಲಿನ ನಡುವೆ ಉಳಿದಿರುವ ಕಿರಿದಾದ ಮರಳಿನ ಪಟ್ಟಿಯೇ ಪಡುಕೆರೆ. ಇದನ್ನು ಸೇತುವೆಯೊಂದು ಮಲ್ಪೆಯೊಡನೆ ಜೋಡಿಸುತ್ತದೆ. ಅಳಿವೆಯ ಒಳಭಾಗದ ನೀರು ತೆರೆಗಳ ನೇರ ಹೊಡೆತಕ್ಕೆ ಸಿಕ್ಕದ ಕಾರಣ ದೋಣಿಗಳ ತಂಗುದಾಣವಾಗಿ ಒದಗಿದೆ. ಅಳಿವೆಯ ಬಾಯಿಯಲ್ಲಿ ಬಂಡೆಗಲ್ಲುಗಳ ಅಲೆತಡೆ ಗೋಡೆಗಳನ್ನು ನಿರ್ಮಿಸಿ ಈ ನೈಸರ್ಗಿಕ ಅನುಕೂಲವನ್ನು ಬಲಪಡಿಸಲಾಗಿದೆ. ನದಿಯು ತರುವ ಹೂಳು ಮತ್ತು ಅಲೆಗಳು ತಳ್ಳುವ ಮರಳು ಬಂದರಿನ ಜಲಮಾರ್ಗದಲ್ಲಿ ಶೇಖರಗೊಳ್ಳುವುದರಿಂದ ಆಗಾಗ ಹೂಳೆತ್ತುವ ಅಗತ್ಯ ಬೀಳುತ್ತದೆ.

ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮತ್ತು ಉಡುಪಿಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ ೧೬೯ಎ ಮಲ್ಪೆಯಲ್ಲಿ ಕೊನೆಗೊಳ್ಳುತ್ತದೆ. ಮಲೆನಾಡಿಗೆ ಮೀನು ಸಾಗಿಸುವ ವಾಹನಗಳಿಗೆ ಇದು ಮುಖ್ಯ ದಾರಿ.

ಇತಿಹಾಸ ಮತ್ತು ಐತಿಹ್ಯ

ಮಲ್ಪೆಯ ಪ್ರಾಚೀನತೆಯನ್ನು ಸೂಚಿಸುವ ಪ್ರಸಿದ್ಧ ಐತಿಹ್ಯವು ಹದಿಮೂರನೆಯ ಶತಮಾನದ ಮಧ್ವಾಚಾರ್ಯರಿಗೆ ಸಂಬಂಧಿಸಿದೆ. ಬಿರುಗಾಳಿಗೆ ಸಿಲುಕಿದ ಹಡಗೊಂದನ್ನು ಆಚಾರ್ಯರು ದಡದಿಂದ ತಮ್ಮ ವಸ್ತ್ರವನ್ನು ಬೀಸಿ ಸುರಕ್ಷಿತವಾಗಿ ಕರೆತಂದರೆಂದೂ, ಹಡಗಿನ ಒಡೆಯನು ಕಾಣಿಕೆಯಾಗಿ ನೀಡಿದ ಗೋಪೀಚಂದನದ ಗಡ್ಡೆಗಳಲ್ಲಿ ಬಲರಾಮ ಮತ್ತು ಕೃಷ್ಣರ ವಿಗ್ರಹಗಳು ದೊರೆತವೆಂದೂ ಹೇಳಲಾಗುತ್ತದೆ. ಬಲರಾಮನ ವಿಗ್ರಹವು ಮಲ್ಪೆಯ ವಡಭಾಂಡೇಶ್ವರದಲ್ಲಿಯೂ, ಕೃಷ್ಣನ ವಿಗ್ರಹವು ಉಡುಪಿಯಲ್ಲಿಯೂ ಪ್ರತಿಷ್ಠಾಪನೆಗೊಂಡವು ಎಂಬುದು ಸಂಪ್ರದಾಯದ ನಂಬಿಕೆ. ಐತಿಹ್ಯದ ಚಾರಿತ್ರಿಕತೆ ಏನೇ ಇದ್ದರೂ, ಪಶ್ಚಿಮ ಕರಾವಳಿಯ ಹಡಗು ಸಂಚಾರದೊಡನೆ ಈ ದಡಕ್ಕಿದ್ದ ಸಂಬಂಧದ ನೆನಪನ್ನು ಅದು ಉಳಿಸಿಕೊಂಡಿದೆ.

೧೪೯೮ರಲ್ಲಿ ಭಾರತಕ್ಕೆ ಬಂದ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮನು ಮಲ್ಪೆಯ ಎದುರಿನ ದ್ವೀಪದಲ್ಲಿ ಇಳಿದು, ಅದಕ್ಕೆ ಮಾತೆ ಮೇರಿಯ ಹೆಸರನ್ನಿಟ್ಟನೆಂಬ ಪ್ರತೀತಿಯಿದೆ. ಸಮೀಪದ ಇನ್ನೊಂದು ದ್ವೀಪವಾದ ದರಿಯಾ ಬಹದ್ದೂರ್‌ಗಡದಲ್ಲಿ ಬಿದನೂರಿನ ನಾಯಕ ಅರಸ ಬಸವಪ್ಪ ನಾಯಕನು ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾಸೆಲ್ ಮಿಷನ್ ಸಂಸ್ಥೆಯು ಮಲ್ಪೆಯಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು.

ಜನಜೀವನ

ಮಲ್ಪೆ ಮತ್ತು ಸುತ್ತಲಿನ ಊರುಗಳಲ್ಲಿ ತುಳು ಮುಖ್ಯ ಆಡುಭಾಷೆ. ಕನ್ನಡ, ಕೊಂಕಣಿ ಮತ್ತು ಬ್ಯಾರಿ ಭಾಷೆಗಳೂ ಬಳಕೆಯಲ್ಲಿವೆ. ಮೀನುಗಾರಿಕೆಯಲ್ಲಿ ಮೊಗವೀರ ಸಮುದಾಯದ ಪಾಲು ದೊಡ್ಡದು. ಖಾರ್ವಿ, ಮುಸ್ಲಿಂ ಮತ್ತು ಕ್ರೈಸ್ತ ಸಮುದಾಯದವರೂ ಈ ಕಸುಬಿನಲ್ಲಿದ್ದಾರೆ. ದೋಣಿಗಳಲ್ಲಿ ದುಡಿಯುವವರಲ್ಲಿ ಉತ್ತರ ಕನ್ನಡ ಜಿಲ್ಲೆಯವರೂ ಹೊರರಾಜ್ಯಗಳಿಂದ ಬಂದವರೂ ಇದ್ದಾರೆ. ದೋಣಿಯನ್ನು ನಡೆಸುವ ಹೊಣೆ ಹೊತ್ತವನನ್ನು ತಾಂಡೇಲ ಎಂದು ಕರೆಯುವುದು ರೂಢಿ.

ಕಡಲಿಗೆ ಇಳಿಯುವುದು ಗಂಡಸರ ಕೆಲಸವಾದರೆ, ದಡಕ್ಕೆ ಬಂದ ಮೀನಿನ ವಿಂಗಡಣೆ, ಒಣಗಿಸುವಿಕೆ ಮತ್ತು ಚಿಲ್ಲರೆ ಮಾರಾಟವನ್ನು ಬಹುಮಟ್ಟಿಗೆ ಮಹಿಳೆಯರು ನಿರ್ವಹಿಸುತ್ತಾರೆ. ಬಂದರಿನ ಏಲಂನಲ್ಲಿ ಮೀನು ಕೊಂಡು, ಬುಟ್ಟಿಯಲ್ಲಿ ತುಂಬಿ, ಬಸ್ಸು ಅಥವಾ ರಿಕ್ಷಾಗಳಲ್ಲಿ ಒಳನಾಡಿನ ಪೇಟೆಗಳಿಗೆ ಒಯ್ದು ಮಾರುವುದು ಅನೇಕ ಕುಟುಂಬಗಳ ಪ್ರತಿದಿನದ ಆದಾಯದ ಮೂಲ.

ಮೀನುಗಾರಿಕಾ ಬಂದರು

ಬಂದರಿನ ಧಕ್ಕೆಯಲ್ಲಿ ಹಲವು ಬಗೆಯ ದೋಣಿಗಳು ಕಾಣಸಿಗುತ್ತವೆ. ಅವುಗಳ ಗಾತ್ರ, ಬಲೆ ಮತ್ತು ದುಡಿಮೆಯ ಕ್ರಮ ಬೇರೆಬೇರೆ.

ಆಳಸಮುದ್ರದ ಟ್ರಾಲ್ ಬೋಟುಗಳು ಮಂಜುಗಡ್ಡೆ, ಡೀಸೆಲ್, ಕುಡಿಯುವ ನೀರು ಮತ್ತು ದಿನಸಿಯನ್ನು ತುಂಬಿಕೊಂಡು ಹೊರಟರೆ ಸಾಮಾನ್ಯವಾಗಿ ಒಂದು ವಾರಕ್ಕೂ ಹೆಚ್ಚು ಕಾಲ ಕಡಲಿನಲ್ಲಿಯೇ ಇರುತ್ತವೆ. ಚೀಲದ ಆಕಾರದ ಬಲೆಯನ್ನು ಬೋಟಿನ ಹಿಂದೆ ಎಳೆದುಕೊಂಡು ಹೋಗುವುದು ಇವುಗಳ ವಿಧಾನ. ಮದ್ಮಲ್, ಬೊಂಡಾಸ್, ಸಿಗಡಿ ಮುಂತಾದವು ಈ ಬಲೆಗೆ ಬೀಳುತ್ತವೆ. ಪರ್ಸೀನ್ ಬೋಟುಗಳಲ್ಲಿ ಹೆಚ್ಚು ಜನರಿರುತ್ತಾರೆ. ಅವು ಗುಂಪಾಗಿ ಈಜುವ ಬಂಗುಡೆ, ಬೂತಾಯಿಯಂತಹ ಮೀನುಗಳನ್ನು ದೊಡ್ಡ ಬಲೆಯಿಂದ ಸುತ್ತುವರಿದು, ಬಲೆಯ ಅಡಿಯ ಹಗ್ಗವನ್ನು ಸಂಚಿಯ ಬಾಯಿಯಂತೆ ಬಿಗಿದು ಹಿಡಿಯುತ್ತವೆ. ದಡದ ಸಮೀಪದಲ್ಲಿ ಬೀಡುಬಲೆ ಹಾಕುವ ನಾಡದೋಣಿಗಳು ಮೂರನೆಯ ಬಗೆ.

ಬಂದರಿನ ದಿನಚರಿ ನಸುಕಿನಲ್ಲಿಯೇ ಆರಂಭವಾಗುತ್ತದೆ. ದೋಣಿಯ ಒಡಲಿನಿಂದ ಬುಟ್ಟಿಗಳಲ್ಲಿ ಎತ್ತಿದ ಮೀನನ್ನು ಏಲಂ ಪ್ರಾಂಗಣದಲ್ಲಿ ಜಾತಿ ಮತ್ತು ಗಾತ್ರಕ್ಕನುಸಾರ ಗುಡ್ಡೆ ಹಾಕಲಾಗುತ್ತದೆ. ಅಂಜಲ್, ಪಾಂಫ್ರೆಟ್ ಮತ್ತು ದೊಡ್ಡ ಸಿಗಡಿಗಳಿಗೆ ಹೆಚ್ಚಿನ ಬೆಲೆ ಸಿಗುತ್ತದೆ. ಬಂಗುಡೆ ಮತ್ತು ಬೂತಾಯಿ ಕರಾವಳಿಯ ನಿತ್ಯದ ಊಟದ ಮೀನುಗಳು. ಬೊಂಡಾಸ್ ಮತ್ತು ಸಿಗಡಿಯಂತಹವು ಸಂಸ್ಕರಣಾ ಘಟಕಗಳ ಮೂಲಕ ರಫ್ತಾಗುತ್ತವೆ. ಆಹಾರಕ್ಕೆ ಸಲ್ಲದ ಸಣ್ಣ ಮೀನು ಮೀನುಹಿಟ್ಟು ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗೆ ಹೋಗುತ್ತದೆ. ಮಂಜುಗಡ್ಡೆ ತಯಾರಿಕೆ, ಬಲೆ ಹೆಣೆಯುವಿಕೆ ಮತ್ತು ದುರಸ್ತಿ, ಎಂಜಿನ್ ರಿಪೇರಿ, ದೋಣಿ ನಿರ್ಮಾಣ, ಸಾಗಣೆ ಮುಂತಾದ ಉಪಕಸುಬುಗಳು ಬಂದರನ್ನು ಅವಲಂಬಿಸಿವೆ. ಬಂದರು ಪ್ರದೇಶದಲ್ಲಿರುವ ಹಡಗು ನಿರ್ಮಾಣ ಕೇಂದ್ರವನ್ನು ಕೊಚ್ಚಿನ್ ಶಿಪ್‌ಯಾರ್ಡ್ ಸಂಸ್ಥೆಯು ೨೦೨೦ರಲ್ಲಿ ವಹಿಸಿಕೊಂಡಿತು. ಅದು ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿದೆ.

ರಂಪಣಿಯಿಂದ ಪರ್ಸೀನ್‌ವರೆಗೆ

ಯಾಂತ್ರೀಕರಣಕ್ಕೆ ಮುನ್ನ ಈ ಕರಾವಳಿಯ ಪ್ರಧಾನ ಮೀನುಗಾರಿಕಾ ವಿಧಾನ ರಂಪಣಿ. ದಡದ ಸಮೀಪಕ್ಕೆ ಬಂದ ಮೀನಿನ ಹಿಂಡನ್ನು ನೀರಿನ ಬಣ್ಣ ಮತ್ತು ಹಕ್ಕಿಗಳ ಹಾರಾಟದಿಂದ ಗುರುತಿಸಿ, ದೋಣಿಯಲ್ಲಿ ಬಹು ಉದ್ದದ ಬಲೆಯನ್ನು ಒಯ್ದು ಕಡಲಿನಲ್ಲಿ ಅರ್ಧವೃತ್ತಾಕಾರವಾಗಿ ಬಿಡುತ್ತಿದ್ದರು. ಅನಂತರ ಬಲೆಯ ಎರಡು ತುದಿಗಳನ್ನು ಎರಡು ಗುಂಪುಗಳು ಮರಳಿನ ಮೇಲೆ ನಿಂತು ಎಳೆಯುತ್ತಿದ್ದವು. ಇದಕ್ಕೆ ಊರಿನ ಹಲವು ಹತ್ತು ಜನರ ಕೈ ಬೇಕಾಗುತ್ತಿತ್ತು. ದೊರೆತ ಮೀನನ್ನು ಬಲೆ, ದೋಣಿ ಮತ್ತು ದುಡಿಮೆಯ ಪಾಲುಗಳಾಗಿ ಹಂಚಲಾಗುತ್ತಿತ್ತು. ಆದ್ದರಿಂದ ರಂಪಣಿಯು ಬಲೆಯ ಹೆಸರಾಗಿರುವಂತೆಯೇ ಒಂದು ಸಾಮೂಹಿಕ ವ್ಯವಸ್ಥೆಯ ಹೆಸರೂ ಆಗಿತ್ತು.

೧೯೭೦ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಕರ್ನಾಟಕದ ಕರಾವಳಿಗೆ ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಕಡಲಿನಲ್ಲಿ ಹಿಡಿಯಲು ಈ ಬೋಟುಗಳಿಗೆ ಸಾಧ್ಯವಾಯಿತು. ದಡದಲ್ಲಿ ಕಾಯುತ್ತಿದ್ದ ರಂಪಣಿ ಬಲೆಗಳಿಗೆ ಮೀನು ಕಡಿಮೆಯಾಗಿ, ಸಾಂಪ್ರದಾಯಿಕ ಮೀನುಗಾರರು ಮತ್ತು ಪರ್ಸೀನ್ ಮಾಲೀಕರ ನಡುವೆ ಸಂಘರ್ಷಗಳು ನಡೆದವು. ಕ್ರಮೇಣ ರಂಪಣಿ ಗುಂಪುಗಳು ಚದುರಿದವು. ಅವರಲ್ಲಿ ಅನೇಕರು ಯಾಂತ್ರೀಕೃತ ಬೋಟುಗಳ ಪಾಲುದಾರರೋ ಕೆಲಸಗಾರರೋ ಆದರು. ಕಡಿಮೆ ಜನರಿಂದ ಎಳೆಯಬಹುದಾದ ಕೈರಂಪಣಿಯನ್ನು ಕರಾವಳಿಯ ಕೆಲವೆಡೆ ಇಂದಿಗೂ ಕಾಣಬಹುದು. ತೀರದಲ್ಲಿ ಅಂತಹ ಬಲೆ ಎಳೆಯುವ ದೃಶ್ಯ ಪ್ರವಾಸಿಗರಿಗೆ ಕುತೂಹಲದ ವಿಷಯವಾದರೂ, ಅದು ಒಂದು ಕಾಲದ ಊರಿನ ಅರ್ಥವ್ಯವಸ್ಥೆಯ ಉಳಿದ ತುಣುಕು.

ದಡದವರ ಪಾಲು ಮತ್ತು ದೊಡ್ಡ ಬೋಟುಗಳ ಪಾಲಿನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಪ್ರಖರವಾದ ದೀಪಗಳಿಂದ ಮೀನನ್ನು ಆಕರ್ಷಿಸಿ ಹಿಡಿಯುವ ಬೆಳಕು ಮೀನುಗಾರಿಕೆ ಮತ್ತು ಎರಡು ಬೋಟುಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್ ಇತ್ತೀಚಿನ ವಿವಾದಗಳಿಗೆ ಕಾರಣವಾಗಿವೆ. ಭಾರತ ಸರ್ಕಾರವು ೨೦೧೭ರ ನವೆಂಬರ್‌ನಲ್ಲಿ ಇವೆರಡನ್ನೂ ನಿಷೇಧಿಸಿತು. ನಿಷೇಧದ ಕಟ್ಟುನಿಟ್ಟಿನ ಜಾರಿಗಾಗಿ ನಾಡದೋಣಿ ಮೀನುಗಾರರು ಒತ್ತಾಯಿಸುತ್ತ ಬಂದಿದ್ದಾರೆ. ಮರಿಮೀನುಗಳ ಹಿಡಿಯುವಿಕೆಯಿಂದ ಮುಂದಿನ ವರ್ಷಗಳ ಇಳುವರಿ ಕುಗ್ಗುವುದು ಇದಕ್ಕೆ ಹೊಂದಿಕೊಂಡ ಮತ್ತೊಂದು ಸಮಸ್ಯೆ.

ಮಳೆಗಾಲದ ನಿಷೇಧ ಮತ್ತು ಸಮುದ್ರ ಪೂಜೆ

ನೈರುತ್ಯ ಮಾರುತದ ಕಾಲದಲ್ಲಿ ಪಶ್ಚಿಮ ಕರಾವಳಿಯ ಕಡಲಿನಲ್ಲಿ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರೊಡನೆ ಪೋಷಕಾಂಶಗಳೂ ಮೇಲೇರಿ ಸೂಕ್ಷ್ಮ ಸಸ್ಯಗಳು ಹೇರಳವಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆ ಮುಂತಾದ ಮೀನುಗಳು ಈ ಅವಧಿಯಲ್ಲಿ ಸಂತಾನೋತ್ಪತ್ತಿ ನಡೆಸುತ್ತವೆ. ಇದೇ ಕಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಈ ಎರಡು ಕಾರಣಗಳಿಂದ ಯಾಂತ್ರೀಕೃತ ಮೀನುಗಾರಿಕೆಯನ್ನು ಪ್ರತಿವರ್ಷ ಜೂನ್ ೧ರಿಂದ ಜುಲೈ ೩೧ರವರೆಗೆ, ಅಂದರೆ ೬೧ ದಿನಗಳ ಕಾಲ, ನಿಷೇಧಿಸಲಾಗುತ್ತದೆ. ರಾಜ್ಯದಲ್ಲಿ ಇದಕ್ಕೆ ಆಧಾರವಾದ ಕಾನೂನು ೧೯೮೬ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ.

ನಿಷೇಧದ ಅವಧಿಯಲ್ಲಿ ನೂರಾರು ಬೋಟುಗಳು ಬಂದರಿನಲ್ಲಿ ಒತ್ತೊತ್ತಾಗಿ ತಂಗುತ್ತವೆ. ಮರದ ಒಡಲಿನ ದುರಸ್ತಿ, ಬಣ್ಣ ಹಚ್ಚುವಿಕೆ, ಬಲೆಗಳ ಸಿದ್ಧತೆ ನಡೆಯುತ್ತವೆ. ಹೊರಊರಿನ ಕೆಲಸಗಾರರು ತಮ್ಮ ಮನೆಗಳಿಗೆ ಮರಳುತ್ತಾರೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿಯಿದ್ದು, ಕಡಲು ಸ್ವಲ್ಪ ಶಾಂತವಾದ ದಿನಗಳಲ್ಲಿ ಅವು ದಡದ ಸಮೀಪ ಬಲೆ ಬೀಸುತ್ತವೆ. ಹೊಸ ಋತುವಿನ ಆರಂಭದ ಸಂದರ್ಭದಲ್ಲಿ ಮೀನುಗಾರರು ವಡಭಾಂಡೇಶ್ವರದ ಬಲರಾಮ ದೇವಸ್ಥಾನದಲ್ಲಿ ಪ್ರಾರ್ಥನೆ ಸಲ್ಲಿಸಿ, ಮೆರವಣಿಗೆಯಲ್ಲಿ ಕಡಲತೀರಕ್ಕೆ ಬಂದು, ಸಮುದ್ರಕ್ಕೆ ಹಾಲು, ಹೂವು ಮತ್ತು ತೆಂಗಿನಕಾಯಿಗಳನ್ನು ಅರ್ಪಿಸುತ್ತಾರೆ. ಇದಕ್ಕೆ ಸಮುದ್ರ ಪೂಜೆ ಎಂದು ಹೆಸರು.

ಕಡಲಿನ ಅಪಾಯಗಳು

ಮಲ್ಪೆಯಿಂದ ೨೦೧೮ರ ಡಿಸೆಂಬರ್ ೧೩ರಂದು ಹೊರಟ 'ಸುವರ್ಣ ತ್ರಿಭುಜ' ಎಂಬ ಮೀನುಗಾರಿಕಾ ಬೋಟು, ಡಿಸೆಂಬರ್ ೧೫ರ ಬಳಿಕ ಸಂಪರ್ಕಕ್ಕೆ ಸಿಗದೆ ಕಣ್ಮರೆಯಾಯಿತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಮೀನುಗಾರರಿದ್ದರು. ಶೋಧವನ್ನು ತೀವ್ರಗೊಳಿಸಬೇಕೆಂದು ಒತ್ತಾಯಿಸಿ ೨೦೧೯ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಬಂದರಿನ ಕೆಲಸ ನಿಲ್ಲಿಸಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರತಿಭಟಿಸಿದರು. ೨೦೧೯ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಹಡಗು ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ ಸಮೀಪದ ಸಮುದ್ರತಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಏಳು ಮಂದಿಯೂ ಹಿಂತಿರುಗಲಿಲ್ಲ. ವಾರಗಟ್ಟಲೆ ದಡದಿಂದ ದೂರವಿರುವ ಬೋಟುಗಳಲ್ಲಿ ನಂಬಲರ್ಹವಾದ ಸಂಪರ್ಕ ಸಾಧನಗಳಿರಬೇಕಾದ ಅಗತ್ಯವನ್ನು ಈ ಘಟನೆ ಎತ್ತಿ ತೋರಿಸಿತು.

ರಾಜ್ಯದ ಕರಾವಳಿ ಕಾವಲು ಪೊಲೀಸ್ ವಿಭಾಗದ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಕಡಲಿನಲ್ಲಿ ತೊಂದರೆಗೊಳಗಾದವರು ಕರಾವಳಿ ಕಾವಲು ಪೊಲೀಸರನ್ನು ೧೦೯೩ ಹಾಗೂ ಭಾರತೀಯ ತಟರಕ್ಷಣಾ ಪಡೆಯನ್ನು ೧೫೫೪ ಸಂಖ್ಯೆಯಲ್ಲಿ ಸಂಪರ್ಕಿಸಬಹುದು.

ಮಲ್ಪೆ ಕಡಲತೀರ

ಬಂದರಿನ ಉತ್ತರದಲ್ಲಿರುವ ಕಡಲತೀರವು ಅಗಲವಾದ ಮರಳಿನ ಹರವನ್ನು ಹೊಂದಿದೆ. ದೋಣಿ ವಿಹಾರ, ಒಂಟೆ ಸವಾರಿ, ಜಲಕ್ರೀಡೆಗಳು ಮತ್ತು ತಿಂಡಿ ಅಂಗಡಿಗಳು ಇಲ್ಲಿವೆ. ೨೦೧೬ರ ಜನವರಿಯಲ್ಲಿ ಇಲ್ಲಿ ಉಚಿತ ವೈ-ಫೈ ಸೌಲಭ್ಯ ಆರಂಭಗೊಂಡಿತು. ಬಂದರಿನ ಅಲೆತಡೆ ಗೋಡೆಯ ಮೇಲೆ ನಿರ್ಮಿಸಿರುವ 'ಸೀ ವಾಕ್' ಎಂಬ ನಡಿಗೆ ದಾರಿಯಿಂದ ಒಂದು ಬದಿಯಲ್ಲಿ ತೆರೆದ ಕಡಲನ್ನೂ, ಇನ್ನೊಂದು ಬದಿಯಲ್ಲಿ ಅಳಿವೆಯ ಮೂಲಕ ಹೋಗಿಬರುವ ಬೋಟುಗಳನ್ನೂ ನೋಡಬಹುದು.

೨೦೨೨ರ ಮೇ ತಿಂಗಳಲ್ಲಿ ತೀರದಲ್ಲಿ ತೇಲುವ ಸೇತುವೆಯೊಂದನ್ನು ಆರಂಭಿಸಲಾಯಿತು. ಕೆಲವೇ ದಿನಗಳಲ್ಲಿ ಚಂಡಮಾರುತದ ಪ್ರಭಾವದಿಂದ ಎದ್ದ ಅಲೆಗಳಿಗೆ ಸಿಲುಕಿ ಅದು ಹಾನಿಗೊಂಡಿತು. ಮಳೆಗಾಲದ ತಿಂಗಳುಗಳಲ್ಲಿ ಜಲಕ್ರೀಡೆಗಳನ್ನು ನಿಲ್ಲಿಸಿ, ಪ್ರವಾಸಿಗರು ನೀರಿಗೆ ಇಳಿಯದಂತೆ ತೀರದುದ್ದಕ್ಕೂ ಬಲೆಯ ತಡೆಬೇಲಿ ಕಟ್ಟಲಾಗುತ್ತದೆ.

ಸೇಂಟ್ ಮೇರೀಸ್ ದ್ವೀಪಗಳು

ಮಲ್ಪೆಯ ಎದುರಿನ ಸಮುದ್ರದಲ್ಲಿ ಸೇಂಟ್ ಮೇರೀಸ್ ದ್ವೀಪಸಮೂಹವಿದೆ. ಕೋಕೋನಟ್ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪಗಳು ಇದರ ನಾಲ್ಕು ಮುಖ್ಯ ಭಾಗಗಳು. ತೋನ್ಸೆಪಾರ್ ಎಂಬುದು ಸ್ಥಳೀಯ ಹೆಸರು. ಪ್ರವಾಸಿಗರು ಸಾಮಾನ್ಯವಾಗಿ ಭೇಟಿ ನೀಡುವುದು ಕೋಕೋನಟ್ ದ್ವೀಪಕ್ಕೆ. ಇಲ್ಲಿ ಜನವಸತಿಯಿಲ್ಲ.

ದ್ವೀಪದ ವಿಶೇಷತೆ ಅಲ್ಲಿಯ ಕಂಬಾಕಾರದ ಶಿಲೆಗಳು. ಸುಮಾರು ೮.೮ ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಭೂಭಾಗಗಳು ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾರಸದಿಂದ ಇವು ರೂಪುಗೊಂಡವು. ಲಾವಾ ತಣಿಯುವಾಗ ಸಂಕುಚಿತಗೊಂಡು ಬಿರುಕು ಬಿಡುತ್ತದೆ. ತಣಿಯುವಿಕೆ ಸಮವಾಗಿದ್ದರೆ ಆ ಬಿರುಕುಗಳು ಬಹುಭುಜಾಕೃತಿಯಲ್ಲಿ ಕೂಡಿ, ಒಳಮುಖವಾಗಿ ಬೆಳೆದು, ಐದು, ಆರು ಅಥವಾ ಏಳು ಮುಖಗಳ ಕಂಬಗಳು ಉಂಟಾಗುತ್ತವೆ. ಒಣಗಿದ ಕೆರೆಯ ಕೆಸರಿನಲ್ಲಿ ಬಿರುಕು ಮೂಡುವುದೂ ಇದೇ ಬಗೆಯ ಸಂಕೋಚನದಿಂದ. ಈ ಶಿಲೆಗಳನ್ನು ಜನಸಾಮಾನ್ಯರು ಬಸಾಲ್ಟ್ ಎಂದು ಕರೆಯುವುದುಂಟು. ಭೂವಿಜ್ಞಾನಿಗಳು ಇವುಗಳನ್ನು ಸಿಲಿಕಾ ಅಂಶ ಹೆಚ್ಚಾಗಿರುವ ರಯೋಲೈಟ್ ಬಗೆಯ ಶಿಲೆಗಳೆಂದು ಗುರುತಿಸಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆದುದರಿಂದ ಕಲ್ಲುಗಳನ್ನು ಒಡೆಯುವುದು, ಅವುಗಳ ಮೇಲೆ ಕೆತ್ತುವುದು ಸಲ್ಲದು.

ದ್ವೀಪದಲ್ಲಿ ಮರಳಿಗಿಂತ ಕಪ್ಪೆಚಿಪ್ಪು ಮತ್ತು ಶಂಖಗಳ ತುಣುಕುಗಳೇ ಹೆಚ್ಚಾಗಿರುವ ಪುಟ್ಟ ತೀರಗಳಿವೆ. ಬಂದರಿನಿಂದ ಬೋಟಿನಲ್ಲಿ ದ್ವೀಪವನ್ನು ತಲುಪಲು ಸುಮಾರು ಅರ್ಧ ಗಂಟೆ ಬೇಕು. ಮಳೆಗಾಲದಲ್ಲಿ ಬೋಟು ಸಂಚಾರ ಇರುವುದಿಲ್ಲ. ೨೦೨೨ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ದ್ವೀಪದ ಬಂಡೆಗಳ ಬಳಿ ನೀರುಪಾಲಾದರು. ಬಂಡೆಗಳ ಅಂಚು ಪಾಚಿಯಿಂದ ಜಾರುವುದರಿಂದಲೂ, ಬಂಡೆಗೆ ತಾಗಿದಂತೆಯೇ ನೀರು ಆಳವಾಗಿರುವುದರಿಂದಲೂ ಅಲ್ಲಿ ನೀರಿಗಿಳಿಯುವುದು ಅಪಾಯಕಾರಿ.

ಸುತ್ತಲಿನ ಕರಾವಳಿ

ಮಲ್ಪೆಯನ್ನು ಕೇಂದ್ರವಾಗಿಸಿಕೊಂಡು ಉಡುಪಿ ಜಿಲ್ಲೆಯ ಇತರ ಕಡಲ ಊರುಗಳನ್ನೂ ನೋಡಬಹುದು. ಉತ್ತರಕ್ಕಿರುವ ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲನ್ನು ಸೇರುತ್ತವೆ. ಇನ್ನೂ ಉತ್ತರದ ಗಂಗೊಳ್ಳಿ ಮತ್ತೊಂದು ಮೀನುಗಾರಿಕಾ ಬಂದರು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ ಸೌಪರ್ಣಿಕಾ ನದಿ ಮತ್ತು ಸಮುದ್ರದ ನಡುವೆ ಸಾಗುತ್ತದೆ. ದಕ್ಷಿಣದಲ್ಲಿ ಪಡುಕೆರೆಯ ಆಚೆಗಿನ ಮಟ್ಟು, ಭೌಗೋಳಿಕ ಸೂಚಿ ಪಡೆದಿರುವ ಮಟ್ಟುಗುಳ್ಳ ಬದನೆಗೆ ಹೆಸರಾಗಿದೆ. ಕಾಪುವಿನಲ್ಲಿ ಬಂಡೆಯ ಮೇಲೆ ೧೯೦೧ರಲ್ಲಿ ನಿರ್ಮಿಸಿದ ದೀಪಸ್ತಂಭವಿದೆ. ಪಡುಬಿದ್ರಿಯ ಕಡಲತೀರಕ್ಕೆ ೨೦೨೦ರಲ್ಲಿ ಸ್ವಚ್ಛತೆ ಮತ್ತು ಸುರಕ್ಷತೆಯ ಅಂತರರಾಷ್ಟ್ರೀಯ ಮನ್ನಣೆಯಾದ ಬ್ಲೂ ಫ್ಲ್ಯಾಗ್ ದೊರೆಯಿತು.

ಪ್ರವಾಸಿಗರು ಗಮನಿಸಬೇಕಾದ ಅಂಶಗಳು

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಭೇಟಿಗೆ ಅನುಕೂಲಕರ. ಮಾರ್ಚ್‌ನಿಂದ ಮೇವರೆಗೆ ಸೆಕೆ ಹೆಚ್ಚು. ಬಂದರಿನ ಏಲಂ ನೋಡಬಯಸುವವರಿಗೆ ಮುಂಜಾನೆ ಸೂಕ್ತ ಸಮಯ. ಧಕ್ಕೆಯ ನೆಲ ನೀರು ಮತ್ತು ಮೀನಿನ ಲೋಳೆಯಿಂದ ಜಾರುತ್ತದೆ, ಲಾರಿ ಮತ್ತು ಕೈಗಾಡಿಗಳ ಓಡಾಟವೂ ಇರುತ್ತದೆ. ಆದ್ದರಿಂದ ಚಿಕ್ಕ ಮಕ್ಕಳ ಕೈ ಹಿಡಿದುಕೊಂಡಿರಬೇಕು. ಅದು ಕೆಲಸದ ಸ್ಥಳವಾದ ಕಾರಣ ಏಲಂಗೆ ಅಡ್ಡಿಯಾಗದಂತೆ ಬದಿಯಲ್ಲಿ ನಿಲ್ಲುವುದು, ಕೆಲಸದಲ್ಲಿರುವವರ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಪಡೆಯುವುದು ಸೂಕ್ತ.

ಕಡಲಿನಲ್ಲಿ ಗಮನಿಸಬೇಕಾದ ಮುಖ್ಯ ಅಪಾಯ ನೀರಿನ ಸೆಳೆತ. ದಡಕ್ಕೆ ಅಪ್ಪಳಿಸಿದ ಅಲೆಗಳ ನೀರು ಹಿಂತಿರುಗುವಾಗ ಕೆಲವೆಡೆ ಒಂದೇ ಕಾಲುವೆಯಂತೆ ಕೂಡಿ ರಭಸದಿಂದ ಕಡಲಿನತ್ತ ಹರಿಯುತ್ತದೆ. ಅಕ್ಕಪಕ್ಕದಲ್ಲಿ ಅಲೆಗಳು ಒಡೆಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಜಾಗವೇ ಹಲವು ವೇಳೆ ಸೆಳೆತದ ಜಾಗವಾಗಿರುತ್ತದೆ. ಅದರಲ್ಲಿ ಸಿಲುಕಿದವರು ನೇರವಾಗಿ ದಡದತ್ತ ಈಜಿದರೆ ಬೇಗ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ ಸೆಳೆತದಿಂದ ಹೊರಬಂದು, ಅನಂತರ ದಡಕ್ಕೆ ತಿರುಗಬೇಕು. ಈಜು ಬಾರದವರು ತೇಲುತ್ತ ಕೈ ಎತ್ತಿ ಸಹಾಯ ಕೋರಬೇಕು. ಮಕ್ಕಳು ಮೊಣಕಾಲಿನಷ್ಟು ನೀರಿನಲ್ಲಿದ್ದಾಗಲೂ ಹಿರಿಯರು ಪಕ್ಕದಲ್ಲಿಯೇ ಇರುವುದು ಅಗತ್ಯ. ಬೋಟಿನಲ್ಲಿ ಜೀವರಕ್ಷಕ ಜಾಕೆಟ್ ಧರಿಸುವುದು, ಜೀವರಕ್ಷಕರು ತಡೆದ ಕಡೆ ನೀರಿಗಿಳಿಯದಿರುವುದು ಮತ್ತು ಹವಾಮಾನದ ಎಚ್ಚರಿಕೆಯಿರುವ ದಿನಗಳಲ್ಲಿ ತೀರದಿಂದ ದೂರವಿರುವುದು ಸುರಕ್ಷತೆಗೆ ಅವಶ್ಯಕ. ಎಚ್ಚರಿಕೆ ಘೋಷಣೆಯಾದ ದಿನಗಳಲ್ಲಿ ಮಲ್ಪೆಯ ಮೀನುಗಾರರೂ ಬೋಟುಗಳನ್ನು ಬಂದರಿಗೆ ಮರಳಿಸುತ್ತಾರೆ.